ಸಣ್ಣ ರೈಫಲ್ ಯಾವುದು ಚೊಲೊ ಎಂದು ಕೇಳಿದ ಕಾಕಾನಿಗೆ

ಹೋದ ವಾರ ಸಂಪಗಾಂವದ ನಮ್ಮ ಕಾಕಾ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿದರು. ಅಮೆರಿಕದವನೊಬ್ಬ ಗಿಡ್ಡ ನಳಿಗೆಯ ರೈಫಲ್ ಹಿಡಿದು ಕಾಡಿನಲ್ಲಿ ನಿಂತಿದ್ದಾನೆ. ಜಿಂಕೆಗೆ ಯಾವ ಕಾಡತೂಸು, ಕರಡಿಗೆ ಯಾವುದು, ಜೀಪಿನಲ್ಲಿ ಇಟ್ಟುಕೊಳ್ಳಲು ಎಷ್ಟುದ್ದದ ನಳಿಗೆ ಸರಿ ಎಂದು ವಿವರಿಸುತ್ತಿದ್ದಾನೆ. ಕೆಳಗೆ ಕಾಕಾನ ಧ್ವನಿ ಸಂದೇಶ: "ತಮ್ಮಾ, ನೀ ಪತ್ರಿಕೋದ್ಯಮ ಓದೀದಿ. ಇಂಥಾದ್ದೊಂದು ಸಣ್ಣ ರೈಫಲ್ ನಮಗ ಸಿಗತೈತೇನ, ಕೇಳಿ ಹೇಳ. ಈ ಸಲ ಗೋವಿನಜೋಳ ಮನೀಗೆ ಬರೂದಿಲ್ಲ."

ನಾನು ಹೊಲಕ್ಕೆ ಹೋಗಿ ನೋಡಿದೆ. ತೆನೆ ಹಾಲು ತುಂಬುವ ಹೊತ್ತಿಗೆ ಹಂದಿ ಹಿಂಡು ನುಗ್ಗಿದೆ. ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಬದುವಿನ ಪಕ್ಕದ ಆರು ಸಾಲು ನೆಲಕ್ಕೆ ಮಲಗಿವೆ, ನಡುವೆ ಉರುಳಾಡಿದ ಗುಂಡಿ. ಇದನ್ನು ನೋಡಿದ ಯಾವ ರೈತನಿಗೂ ಬಂದೂಕಿನ ನೆನಪಾಗುವುದು ಸಹಜ. ಕಾಕಾ ಹುಚ್ಚು ಪ್ರಶ್ನೆ ಕೇಳಿದರು ಎಂದು ನಾನು ಹೇಳುವುದಿಲ್ಲ. ಈ ಪ್ರಶ್ನೆ ಕಿತ್ತೂರಿನ ಕಡೆ, ಸವದತ್ತಿಯ ಕಡೆ, ರಾಮದುರ್ಗದ ಕಡೆ ಚಹಾದಂಗಡಿಯಲ್ಲಿ ದಿನಾ ಕೇಳಿಬರುತ್ತದೆ. ಆದ್ದರಿಂದ ಕಾಕಾನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಚಿಗರಿ ಮತ್ತು ಕರಡಿಯ ಮಾತು ಮುಗಿಸಿಬಿಡೋಣ. ಎರಡಕ್ಕೂ ಯಾವ ಬಂದೂಕೂ ಸರಿಯಲ್ಲ, ಯಾವ ಕಾಡತೂಸೂ ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇವೆರಡೂ ಇವೆ, ಹುಲಿ ಆನೆಗಳ ಸಾಲಿನಲ್ಲಿ. ಹೊಡೆದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡವೂ 25,000 ರೂಪಾಯಿಗೆ ಕಡಿಮೆಯಿಲ್ಲ. ಪ್ರಾಣಿ ಸಾಯಲೇಬೇಕು ಎಂದೇನಿಲ್ಲ. ಉರುಳು ಹಾಕಿದರೂ, ವಿಷ ಇಟ್ಟರೂ, ಗುಂಡು ಹಾರಿಸಿ ಗುರಿ ತಪ್ಪಿದರೂ ಕಾಯ್ದೆಯ ಕಣ್ಣಿಗೆ ಅದು ಬೇಟೆಯೇ. "ನನ್ನ ಹೊಲ, ನನ್ನ ಬೆಳೆ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬಂದೂಕಿನ ಲೈಸೆನ್ಸ್ ಇದ್ದರೂ ನಡೆಯುವುದಿಲ್ಲ. ಇದು ನಮ್ಮ ಊರುಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ಲೈಸೆನ್ಸ್ ಎಂದರೆ ಬಂದೂಕು ಇಟ್ಟುಕೊಳ್ಳುವ ಅನುಮತಿ, ಪ್ರಾಣಿ ಹೊಡೆಯುವ ಅನುಮತಿಯಲ್ಲ. ಅವು ಬೇರೆ ಕಾಯ್ದೆ, ಬೇರೆ ಕಚೇರಿ, ಬೇರೆ ಸಾಹೇಬರು.

ಕಾಕಾ ಸುಮ್ಮನಿರಲಿಲ್ಲ. "ಕೊಡಗಿನವರ ಮನ್ಯಾಗ ಲೈಸೆನ್ಸ್ ಇಲ್ದ ಕೋವಿ ಇರತಾವಲ್ಲ?" ಇರುತ್ತವೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಆ ಕೋವಿಯಿಂದ ಅವರು ಜಿಂಕೆ ಹೊಡೆದರೂ ಅದೇ ಕೇಸು, ಅದೇ ಜೈಲು.

ಇನ್ನು ಹಂದಿ. ಹಂದಿಯ ವಿಷಯದಲ್ಲಿ ಕಾಯ್ದೆ ಸ್ವಲ್ಪ ಬಾಗಿಲು ತೆರೆದಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾಕಾ ಕೇಳಿದ ಬಂದೂಕಿನ ಮಾತು.

ವಿಡಿಯೊದಲ್ಲಿದ್ದ ಗಿಡ್ಡ ರೈಫಲ್ ನಮಗೆ ಸಿಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ಕಾಯುವ ರೈತನ ಬಗ್ಗೆ ನೇರವಾಗಿಯೇ ಮಾತಾಡುತ್ತದೆ. ಬೆಳೆ ರಕ್ಷಣೆಗೆ ಮೊದಲ ಹಕ್ಕು ಬಾಯಿಂದ ಮದ್ದು ಜಡಿಯುವ ಬಂದೂಕಿಗೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ಗೀರುಗಳಿಲ್ಲದ, ನುಣುಪು ನಳಿಗೆಯ ಬೇರೆ ಬಂದೂಕು ಕೊಡಬಹುದು. ಸ್ವರಕ್ಷಣೆ ಅಥವಾ ಕ್ರೀಡೆಗೆ ಕೇಳಿದರೂ ಅಲ್ಲಿ ಹೇಳಿರುವುದು ನುಣುಪು ನಳಿಗೆ, ಅದೂ 20 ಇಂಚಿಗೆ ಕಡಿಮೆ ಇಲ್ಲದ್ದು. ಚಿಕ್ಕದಾಗಿ, ಚೀಲದಲ್ಲಿ ಹಿಡಿಯುವಂತೆ ಬೇಕು ಎಂಬ ಆಸೆಯನ್ನು ಕಾಯ್ದೆ ಅಲ್ಲಿಯೇ ತಡೆದಿದೆ. ಮುಚ್ಚಿಡಬಹುದಾದ ಬಂದೂಕನ್ನು ಯಾವ ಸರ್ಕಾರವೂ ಇಷ್ಟಪಡುವುದಿಲ್ಲ.

ರೈಫಲ್ಲೇ ಬೇಕು ಎಂದು ಹಟ ಹಿಡಿದವರಿಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವುದು .315 ಬೋರಿನದು, ಸರ್ಕಾರಿ ಕಾರ್ಖಾನೆಯ ತಯಾರಿಕೆ. ಈ .315ರ ಹಿಂದೆ ಒಂದು ಕಥೆಯಿದೆ. ಬ್ರಿಟಿಷ್ ಸೈನ್ಯದ ಗುಂಡು .303. ಅದೇ ಗುಂಡು ಜನರ ಬಂದೂಕಿಗೂ ಹೊಂದಿಕೊಂಡರೆ ಸೈನ್ಯದಿಂದ ಕದ್ದ ಪೆಟ್ಟಿಗೆ ಊರಿನಲ್ಲಿ ಕೆಲಸಕ್ಕೆ ಬಂದುಬಿಡುತ್ತದಲ್ಲ! ಆದ್ದರಿಂದ ಜನರಿಗೆ ಬೇರೆಯೇ ಅಳತೆಯ ಗುಂಡು. ಸ್ವಾತಂತ್ರ್ಯ ಬಂದರೂ ಆ ಲೆಕ್ಕ ಬದಲಾಗಲಿಲ್ಲ. .303, 7.62 ಮಿ.ಮೀ. ಗುಂಡು ಹಾಕುವ ಬಂದೂಕುಗಳು ಇವತ್ತಿಗೂ ನಿಷೇಧಿತ ಬೋರ್.

ಆಳುವವರಿಗೆ ಜನರ ಬಂದೂಕಿನ ಬಗ್ಗೆ ಈ ಭಯ ಹುಟ್ಟಿದ್ದರಲ್ಲಿ ನಮ್ಮ ಭಾಗದ ಪಾಲು ದೊಡ್ಡದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದದ್ದು ಅಮಟೂರ ಬಾಳಪ್ಪನ ಗುಂಡಿಗೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾಯ್ದೆ ಬಂದಾಗ ರಾಮದುರ್ಗದ ಆಚೆಗೆ, ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೇ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಲಾವಣಿ ಶಾಲೆಯ ಪುಸ್ತಕದಲ್ಲಿ ಓದಿದವರೇ ನಾವೆಲ್ಲ. ಮರುವರ್ಷ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು. ಬೇಟೆಗಾರನಿಗೆ ಆಯುಧವೆಂದರೆ ಅನ್ನ, ಅದನ್ನು ಕಸಿದರೆ ಅವನು ಸುಮ್ಮನಿರುವುದಿಲ್ಲ ಎಂಬುದನ್ನು ಹಲಗಲಿ ತೋರಿಸಿತು.

ಈ ಅಭಿಮಾನ ನನಗೂ ಇದೆ. ಆದರೆ ಇತ್ತೀಚೆಗೆ ಕೆಲವರು "ನಾವು ರಾಯಣ್ಣನ ನೆಲದವರು, ನಮಗ್ಯಾಕ ಲೈಸೆನ್ಸ್" ಎಂದು ಫೇಸ್‌ಬುಕ್‌ನಲ್ಲಿ ನಾಡಬಂದೂಕು ಹಿಡಿದು ಫೋಟೊ ಹಾಕುವುದನ್ನು ನೋಡಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಬಂದೂಕಿಗೆ ಕನಿಷ್ಠ 2 ವರ್ಷ ಜೈಲು. ಮದುವೆ, ಜಾತ್ರೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಅದಕ್ಕೂ ಬೇರೆ ಶಿಕ್ಷೆ ಬಂದಿದೆ. ರಾಯಣ್ಣ ಬಂದೂಕು ಎತ್ತಿದ್ದು ಹಂದಿಯ ಮೇಲಲ್ಲ.

ಕಾಯ್ದೆ ಬಿಡಿ. ನಾಳೆ ಲೈಸೆನ್ಸೂ ಸಿಕ್ಕಿತು, .315 ಕೂಡ ಕೈಗೆ ಬಂತು ಎಂದುಕೊಳ್ಳಿ. ಆಗಲೂ ನಾನು ಕಾಕಾನಿಗೆ ಬೇಡ ಎನ್ನುತ್ತೇನೆ. ಕಾರಣ ನಮ್ಮ ನೆಲ.

ಬೈಲಹೊಂಗಲ, ಸಂಪಗಾಂವದ ಹೊಲ ಹೇಗಿದೆ ನೋಡಿ. ಎರಿ ಭೂಮಿ, ಚಾಪೆ ಹಾಸಿದಂತೆ ಸಪಾಟು. ಗುಡ್ಡವಿಲ್ಲ, ದಿಬ್ಬವಿಲ್ಲ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಅದನ್ನು ತಡೆಯುವ ಮಣ್ಣು ಎದುರಿಗಿಲ್ಲ. ಅದು ಒಂದು ಮೈಲಿಗೂ ಆಚೆ ಹೋಗುತ್ತದೆ. ಒಂದು ಮೈಲಿ ಆಚೆ ಏನಿದೆ? ಇನ್ನೊಂದು ಊರು, ಇಲ್ಲವೇ ತೋಟದ ಮನೆ. ಅಮೆರಿಕದವನು ಎತ್ತರದ ಮರದ ಮೇಲೆ ಕುಳಿತು, ಹಗಲು ಬೆಳಕಿನಲ್ಲಿ, ದುರ್ಬೀನಿನಲ್ಲಿ ನೋಡಿ, ಹಿಂದೆ ಗುಡ್ಡ ಇದೆಯೋ ಇಲ್ಲವೋ ಪರೀಕ್ಷಿಸಿ ಹೊಡೆಯುತ್ತಾನೆ. ನಾವು ಹೊಡೆಯಬೇಕಾದದ್ದು ರಾತ್ರಿ ಎರಡು ಗಂಟೆಗೆ, ಆಳುದ್ದದ ಕಬ್ಬಿನಲ್ಲಿ, ಸರಸರ ಎಂಬ ಸದ್ದಿನ ಮೇಲೆ.

ಆ ಹೊತ್ತಿನಲ್ಲಿ ಹೊಲದಲ್ಲಿ ಯಾರ್ಯಾರು ಇರುತ್ತಾರೆ ಎಂದು ಎಣಿಸಿದ್ದೀರಾ? ತ್ರೀಫೇಸ್ ಕರೆಂಟು ಎಷ್ಟೋ ಕಡೆ ಬರುವುದೇ ರಾತ್ರಿ. ಪಂಪ್ ಚಾಲೂ ಮಾಡಲು, ನೀರು ತಿರುಗಿಸಲು ಪಕ್ಕದ ಹೊಲದವನು ಬ್ಯಾಟರಿ ಹಿಡಿದು ಬಂದಿರುತ್ತಾನೆ. ಬ್ಯಾಟರಿ ಚಾರ್ಜ್ ಮುಗಿದಿದ್ದರೆ ಕತ್ತಲಲ್ಲೇ ಬಂದಿರುತ್ತಾನೆ. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಹೊಲದಂಚಿಗೆ ಗುಡಿಸಲು ಹಾಕಿ ಹೆಂಡಿರು ಮಕ್ಕಳೊಂದಿಗೆ ಮಲಗಿರುತ್ತಾರೆ. ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದಿರುತ್ತದೆ. ಕಬ್ಬು ಅಲುಗಾಡುವುದು ಹಂದಿಗೂ ಮನುಷ್ಯನಿಗೂ ಒಂದೇ ರೀತಿ. ಹಂದಿ ಎಂದುಕೊಂಡು ಜೊತೆಗಾರನಿಗೇ ಗುಂಡು ಬಿದ್ದ ಸುದ್ದಿ ಮಲೆನಾಡಿನ ಕಡೆಯಿಂದ ಮೇಲಿಂದ ಮೇಲೆ ಬರುತ್ತದೆ. ಅವರೆಲ್ಲ ಕಾಡು ಬಲ್ಲವರು, ಬಂದೂಕು ಹಿಡಿದು ಬೆಳೆದವರು. ನಮ್ಮ ಕಾಕಾ ಹಿಡಿದ ದೊಡ್ಡ ಆಯುಧ ಕುಡಗೋಲು.

ಹೊಲ ಕಾಯಲು ಬಂದೂಕು ಬೇಕೇ ಬೇಕು ಎನ್ನುವವರಿಗೆ ನನ್ನ ಸಲಹೆ ಹನ್ನೆರಡು ಬೋರಿನ ಒಂಟಿ ನಳಿಗೆ. ಹಳೆಯ ಮಾಲು, ನೋಡಲು ಚೆಂದವಿಲ್ಲ, ವಿಡಿಯೊ ಮಾಡುವಂಥದ್ದಲ್ಲ. ಆದರೆ ಮುರಿದು ತೆರೆದರೆ ಒಳಗೆ ಕಾಡತೂಸು ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಒಂದು ಹೊಡೆದರೆ ಮುಗಿಯಿತು, ಎರಡನೆಯದಕ್ಕೆ ಯೋಚಿಸಲು ಸಮಯ ಸಿಗುತ್ತದೆ. ಈ ಒಂದು ಕೊರತೆಯೇ ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಗುಣ. ಸದ್ದು ಮಾತ್ರ ಊರೆಲ್ಲ ಕೇಳುತ್ತದೆ, ಬೆಳೆ ಕಾಯುವವನಿಗೆ ಬೇಕಾದದ್ದೂ ಸದ್ದೇ.

ಕಾಡತೂಸಿನಲ್ಲೂ ಬಗೆಗಳಿವೆ. ಎಲ್‌ಜಿ, ಎಸ್‌ಜಿ ಎಂಬುವುಗಳಲ್ಲಿ ಬೆರಳಲ್ಲಿ ಎಣಿಸುವಷ್ಟು ದಪ್ಪ ಗುಂಡುಗಳು. ಬಿಬಿ, ನಾಲ್ಕು ನಂಬರ್ ಎಂಬುವುಗಳಲ್ಲಿ ಸಣ್ಣ ಚರೆ. ಅಂಗಡಿಗೆ ಹೋದವನು ದೊಡ್ಡದನ್ನೇ ಕೇಳುತ್ತಾನೆ. ದಪ್ಪ ಗುಂಡು ಕೂಡ ಮೂವತ್ತು ನಲವತ್ತು ಮೀಟರ್ ದಾಟಿದರೆ ಚದುರಿಹೋಗುತ್ತದೆ. ಪ್ರಾಣಿಯನ್ನು ಕೊಲ್ಲುವಷ್ಟು ಒಟ್ಟಾಗಿ ಬೀಳುವುದಿಲ್ಲ, ಆದರೆ ಚದುರಿದ ಒಂದೊಂದು ಗುಂಡೂ ನೂರಾರು ಮೀಟರ್ ದೂರದ ಮನುಷ್ಯನ ಕಣ್ಣು ಕಳೆಯಬಲ್ಲದು. ಸಣ್ಣ ಚರೆ ಹಂದಿಯ ಚರ್ಮದಲ್ಲಿ ಸಿಕ್ಕು, ಗಾಯ ಕೊಳೆತು, ಅದು ವಾರಗಟ್ಟಲೆ ನರಳಿ ಸಾಯುತ್ತದೆ. ಅದಕ್ಕಿಂತ ಮುಂಚೆ ಎದುರಿಗೆ ಬಂದವರನ್ನು ಸೀಳುತ್ತದೆ. ಏರ್‌ಗನ್‌ಗೆ ಲೈಸೆನ್ಸ್ ಬೇಡವಲ್ಲ ಎಂದು ಆನ್‌ಲೈನ್‌ನಲ್ಲಿ ತರಿಸುವ ಹುಡುಗರಿಗೂ ಇದೇ ಮಾತು.

ಸದ್ದಿಗೆ ಹಂದಿ ಹೆದರುತ್ತದೆಯೇ? ಮೊದಲ ವಾರ ಹೆದರುತ್ತದೆ. ಎರಡನೇ ವಾರ ನಿಂತು ಕೇಳುತ್ತದೆ. ಮೂರನೇ ವಾರ ಬಂದೂಕಿನ ಸದ್ದಾದ ಕಡೆ ಕಾಕಾ ಇದ್ದಾನೆ, ಇನ್ನೊಂದು ಬದಿಗೆ ಹೋಗೋಣ ಎಂದು ತಿಳಿದುಕೊಳ್ಳುತ್ತದೆ. ಅಷ್ಟು ಬುದ್ಧಿ ಅದಕ್ಕಿದೆ.

ಲೈಸೆನ್ಸ್ ಪಡೆಯುವ ದಾರಿಯೂ ಸಣ್ಣದಲ್ಲ. ಅರ್ಜಿ ಜಿಲ್ಲಾಧಿಕಾರಿಗೆ, ವರದಿ ಪೊಲೀಸರಿಂದ, ಬಂದೂಕು ಬಳಸಲು ಬರುತ್ತದೆ ಎಂಬ ತರಬೇತಿಯ ಪ್ರಮಾಣಪತ್ರ ಬೇರೆ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಅರ್ಜಿ ಹಾಕುವ ಮನಸ್ಸಿದ್ದವರು ಮೊದಲು ಅದಕ್ಕೆ ಹೋಗಿ. ಅಲ್ಲಿ ಒಂದು ದಿನ ಗುಂಡು ಹಾರಿಸಿ ನೋಡಿದರೆ ಅರ್ಧ ಜನರ ಆಸೆ ತಣ್ಣಗಾಗುತ್ತದೆ. ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಗಿದೆ, ಆ ಸುತ್ತಿನವರು ಇದನ್ನು ನೆನಪಿಡಬೇಕು. ಇಷ್ಟೆಲ್ಲ ಆಗಿ ಬಂದೂಕು ಮನೆಗೆ ಬಂದಿತೆನ್ನಿ, ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಒಪ್ಪಿಸಿ ಎಂಬ ಕರೆ ಬರುತ್ತದೆ. ಹಂದಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ.

ಬಂದೂಕು ಸಿಗದವರು ಏನು ಮಾಡುತ್ತಿದ್ದಾರೆ ಎಂಬುದು ಬಂದೂಕಿಗಿಂತ ದೊಡ್ಡ ಚಿಂತೆ. ಕಂಬದಿಂದ ನೇರವಾಗಿ ತಂತಿ ಎಳೆದು ಹೊಲದ ಸುತ್ತ ಹರಿಬಿಡುತ್ತಿದ್ದಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಯಾವ ಹೊಲ ಎಂದು ಗೊತ್ತಿರುತ್ತದೆ. ಬಂದೂಕಿನ ಹಿಂದೆ ಒಬ್ಬ ಮನುಷ್ಯನಾದರೂ ಇರುತ್ತಾನೆ, ತಂತಿಯ ಹಿಂದೆ ಯಾರೂ ಇರುವುದಿಲ್ಲ. ನೀರು ಹಾಯಿಸಲು ಹೋದ ಸ್ವಂತ ಅಣ್ಣತಮ್ಮಂದಿರೇ ಅದಕ್ಕೆ ಸಿಕ್ಕಿ ಸತ್ತ ಉದಾಹರಣೆಗಳು ಉತ್ತರ ಕರ್ನಾಟಕದಲ್ಲಿ ಕಡಿಮೆಯಿಲ್ಲ. ಆಗ ಹಂದಿಯ ಕೇಸು ಹೋಗಿ ಮನುಷ್ಯನ ಕೇಸಾಗುತ್ತದೆ. ಜೊತೆಗೆ ವಿದ್ಯುತ್ ಕಳ್ಳತನದ ಕೇಸು. ಬ್ಯಾಟರಿಯಿಂದ, ಸೋಲಾರಿನಿಂದ ನಡೆಯುವ, ಝಟಕಾ ಮಾತ್ರ ಕೊಡುವ ಬೇಲಿ ಮಷಿನ್ ಬೇರೆ. ಅದನ್ನೂ ಇದನ್ನೂ ಒಂದೇ ಎಂದು ತಿಳಿಯಬೇಡಿ.

ಕರಡಿಯ ಬಗ್ಗೆ ಕಿತ್ತೂರು, ಖಾನಾಪುರದ ಕಾಡಂಚಿನವರಿಗೆ ಎರಡು ಮಾತು. ಕರಡಿ ಬೆಳೆಗೆ ಬರುವುದಕ್ಕಿಂತ ದಾರಿಯಲ್ಲಿ ಎದುರಾಗುವುದು ಹೆಚ್ಚು. ಅದಕ್ಕೆ ದೂರದ ನೋಟ ಮಂದ. ಗೆದ್ದಲು ಕೆದರುವ ಗದ್ದಲದಲ್ಲಿ ನಮ್ಮ ಹೆಜ್ಜೆ ಕೇಳುವುದಿಲ್ಲ. ಹತ್ತಿರ ಹೋದ ಮೇಲೆ ಬೆಚ್ಚಿ ಮೈಮೇಲೆ ಬರುತ್ತದೆ. ನಸುಕಿನಲ್ಲಿ ಬಯಲಿಗೆ ಹೋಗುವವರು, ಸೌದೆಗೆ, ದನಕ್ಕೆ ಹೋಗುವವರು ಒಬ್ಬರೇ ಹೋಗಬೇಡಿ. ಮಾತಾಡುತ್ತ, ಕೋಲು ಬಡಿಯುತ್ತ ಹೋಗಿ. ಜೀವ ಉಳಿಸಿಕೊಳ್ಳಲು ಪ್ರಾಣಿಯನ್ನು ಹೊಡೆದರೆ ಕಾಯ್ದೆ ಕ್ಷಮಿಸುತ್ತದೆ. ಬೇಟೆಗೆಂದೇ ಹೋಗಿದ್ದವನಿಗೆ ಮಾತ್ರ ಆ ಕ್ಷಮೆ ಇಲ್ಲ. ಗಾಯಗೊಂಡ ಕರಡಿಯನ್ನು ಕಾಡಿಗೆ ಅಟ್ಟಿದವನು ನಾಳೆ ಅದೇ ದಾರಿಯಲ್ಲಿ ಬರುವ ಶಾಲೆಯ ಮಕ್ಕಳನ್ನು ನೆನೆಯಬೇಕು. ಕರಡಿ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಹಾಗಾದರೆ ರೈತ ಸುಮ್ಮನೆ ಕೂರಬೇಕೇ? ಇಲ್ಲಿಯೇ ನನ್ನ ವಾದವಿರುವುದು. ವೈಯಕ್ತಿಕವಾಗಿ ಒಬ್ಬೊಬ್ಬರೂ ಬಂದೂಕು ಹುಡುಕುವ ಬದಲು ಊರಾಗಿ ಕೇಳಬೇಕಾದದ್ದು ಬೇರೆ ಇದೆ.

ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅದು ನಿಂತ ಬೆಳೆಗೆ ಅಪಾಯ ಎಂದು ಕಂಡರೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಹೊಡೆಯಲು ಲಿಖಿತ ಅನುಮತಿ ಕೊಡಬಹುದು. ಕೇರಳ ಇದೇ ದಾರಿ ಹಿಡಿದು 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೆ ಇಳಿಸಿತು. ಯಾರು ಬೇಕಾದರೂ ಹೊಡೆಯುವಂತಿಲ್ಲ. ಲೈಸೆನ್ಸ್ ಇರುವ, ಹೆಸರು ನೋಂದಾಯಿಸಿದ ಗುರಿಕಾರರನ್ನು ಕರೆಸಬೇಕು. ವಿಷ, ಸಿಡಿಮದ್ದು, ಕರೆಂಟ್ ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ. ಇದರಿಂದ ಕೇರಳದ ಸಮಸ್ಯೆ ಮುಗಿದಿದೆ ಎಂದಲ್ಲ. ಆದರೆ ಯಾರು, ಎಲ್ಲಿ, ಯಾವ ರಾತ್ರಿ ಗುಂಡು ಹಾರಿಸುತ್ತಾರೆ ಎಂದು ಊರಿಗೆ ಮೊದಲೇ ಗೊತ್ತಿರುತ್ತದೆ. ಪಕ್ಕದ ಹೊಲದವನು ಆ ರಾತ್ರಿ ಮನೆಯಲ್ಲಿ ಮಲಗಬಹುದು. ಕಾಕಾನಂಥ ಹತ್ತು ಜನ ಹತ್ತು ಬಂದೂಕು ಹಿಡಿದು ಕತ್ತಲಲ್ಲಿ ಕೂರುವುದಕ್ಕಿಂತ, ಬಲ್ಲವನೊಬ್ಬ ಗೊತ್ತಾದ ಹೊತ್ತಿನಲ್ಲಿ ಬಂದು ಹೋಗುವುದು ಮೇಲು.

ಹಂದಿಯನ್ನು ಪೂರ್ತಿ 'ಉಪದ್ರವಿ' ಎಂದು ಘೋಷಿಸಿ ಎಂಬ ಬೇಡಿಕೆಯೂ ಇದೆ. 2015-16ರಲ್ಲಿ ಕೇಂದ್ರ ಸರ್ಕಾರ ಬಿಹಾರ, ಉತ್ತರಾಖಂಡದ ಕೆಲ ಭಾಗಗಳಿಗೆ ಒಂದು ವರ್ಷದ ಮಟ್ಟಿಗೆ ಹಾಗೆ ಮಾಡಿತ್ತು. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಉರುಳು, ಸಿಡಿಮದ್ದು ಹಾಕುವವರಿಗೆ ಹಬ್ಬ, ಮತ್ತು ಉರುಳಿಗೆ ಹಂದಿ ಯಾವುದು ಚಿಗರಿ ಯಾವುದು ಎಂದು ತಿಳಿಯುವುದಿಲ್ಲ.

ಹಗಲು ಹೊತ್ತಿನಲ್ಲಿ ತ್ರೀಫೇಸ್ ಕೊಡಿ ಎಂಬ ಹಳೆಯ ಬೇಡಿಕೆಯನ್ನೂ ಇದಕ್ಕೇ ಸೇರಿಸಬೇಕು. ರಾತ್ರಿ ಹೊಲಕ್ಕೆ ಹೋಗುವುದು ತಪ್ಪಿದರೆ ಹಂದಿ, ಕರಡಿ, ಹಾವು, ತಂತಿ, ಗುಂಡು ಐದರ ಭಯವೂ ಅರ್ಧಕ್ಕಿಳಿಯುತ್ತದೆ.

ಪರಿಹಾರದ ಅರ್ಜಿಯನ್ನು ಮಾತ್ರ ಬಿಡಬೇಡಿ. "ಎರಡು ಸಾವಿರ ಕೊಡತಾರ, ಅದಕ್ಕ ನಾಲ್ಕ ಸಲ ಓಡಾಡಬೇಕು" ಎಂದು ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ. ಬೇಸರ ನ್ಯಾಯವಾದದ್ದೇ. ಆದರೆ ಅರ್ಜಿಯಿಲ್ಲದ ಹಾನಿ ಸರ್ಕಾರದ ಲೆಕ್ಕದಲ್ಲಿ ಆಗಿಯೇ ಇಲ್ಲ. ನಾಳೆ ಪಂಚಾಯಿತಿಗೆ ಅಧಿಕಾರ ಕೊಡಿ ಎಂದು ಕೇಳಿದಾಗ "ನಿಮ್ಮ ಭಾಗದಲ್ಲಿ ಹಾವಳಿಯೇ ಇಲ್ಲವಲ್ಲ, ಅರ್ಜಿ ಎಷ್ಟಿವೆ ನೋಡಿ" ಎಂದರೆ ನಮ್ಮ ಬಳಿ ಉತ್ತರವಿರುವುದಿಲ್ಲ. ಹಾನಿಯಾದ ಬೆಳಿಗ್ಗೆಯೇ ಫೋಟೊ ತೆಗೆಯಿರಿ, ಹೆಜ್ಜೆಗುರುತು ಕಾಣುವಂತೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ವಲಯ ಅರಣ್ಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೂ ಮೊದಲು ಬಿದ್ದ ಬೆಳೆ ಕೊಯ್ದು ದನಕ್ಕೆ ಹಾಕಿಬಿಟ್ಟರೆ ಪರಿಶೀಲನೆಗೆ ಬಂದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಇದನ್ನೆಲ್ಲ ಕೇಳಿದ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂದರ ಆ ಅಮೇರಿಕಾದಂವಂದು ನಮಗ ಉಪಯೋಗಿಲ್ಲ ಅಂತೀ" ಎಂದರು. ಇಲ್ಲ ಎಂದೆ. "ಬಿದ್ದ ದಂಟು ನಾಳೆ ಎಮ್ಮಿಗೆ ಹಾಕೂದಿತ್ತಲ್ಲೋ." ಎರಡು ದಿನ ತಡೀರಿ ಕಾಕಾ ಎಂದೆ. ಆರು ಸಾಲಿನ ಹದಿನಾಲ್ಕು ಫೋಟೊ ಈಗ ನನ್ನ ಫೋನಿನಲ್ಲಿವೆ. ಸೋಮವಾರ ಪಹಣಿ ತೆಗೆಸಿಕೊಂಡು ರೇಂಜ್ ಆಫೀಸಿಗೆ ಹೊರಟಿದ್ದೇವೆ, ಪಕ್ಕದ ಹೊಲದ ಇಬ್ಬರೂ ಬರುತ್ತೇವೆ ಎಂದಿದ್ದಾರೆ.